ಮೊದಲ ಸಲ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದೇನೆ, ಹುಬ್ಬಳ್ಳಿಯಲ್ಲಿ. ಗೊತ್ತಿದ್ದವರು ಹೇಳಿ

ಉಣಕಲ್_ಕೆರೆ

ಎಲ್ಲರಿಗೂ ನಮಸ್ಕಾರ ರೀ. ಮುಂದಿನ ಗುರುವಾರ ಸಂಜೆ ವಿದ್ಯಾನಗರದ ಒಂದು ಕೌನ್ಸೆಲಿಂಗ್ ಸೆಂಟರ್‌ನಲ್ಲಿ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ನಮ್ಮ ಮನೆಯಲ್ಲಾಗಲಿ, ಗೆಳತಿಯರಲ್ಲಾಗಲಿ ಹೋದವರು ಯಾರೂ ಇಲ್ಲ. ಹೋಗಿದ್ದರೂ ಹೇಳಿಕೊಂಡಿಲ್ಲ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಕಳೆದ ಮಳೆಗಾಲದಿಂದ ಇದ್ದಕ್ಕಿದ್ದ ಹಾಗೆ ಎದೆ ಢವಢವ ಹೊಡೆದುಕೊಳ್ಳುತ್ತದೆ. ಕೈ ತಣ್ಣಗಾಗುತ್ತದೆ. ಇನ್ನು ಉಸಿರೇ ಸಿಗುವುದಿಲ್ಲ ಅನಿಸುತ್ತದೆ. ಕ್ಯಾಶ್ ಕೌಂಟರ್‌ನಲ್ಲಿ ಕೂತಾಗ ಆಗಿದೆ, ಚಿಗರಿ ಬಸ್ಸಿನಲ್ಲಿ ನಿಂತಾಗಲೂ ಆಗಿದೆ. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲ ಮಾಡಿಸಿ ಆಯಿತು. ಎಲ್ಲವೂ ನಾರ್ಮಲ್. ಡಾಕ್ಟರು, "ಹೃದಯದ ತೊಂದರೆ ಇಲ್ಲ. ಆದರೆ ನಿಮಗೆ ಆಗುತ್ತಿರುವುದು ಸುಳ್ಳಲ್ಲ. ಕೌನ್ಸೆಲಿಂಗ್ ತಗೊಳ್ಳಿ" ಅಂದರು. ಹಾಗೆ ಹೇಳಿದ್ದು ನನಗೆ ಸಮಾಧಾನ ಆಯಿತು. ಅದಕ್ಕೇ ಫೋನ್ ಮಾಡಿದೆ.

ಈಗ ಅವರು ವಾಟ್ಸಾಪ್‌ನಲ್ಲಿ ದೊಡ್ಡ ಫಾರ್ಮ್ ಕಳಿಸಿದ್ದಾರೆ. ಮನೆಯಲ್ಲಿ ಯಾರ್‍ಯಾರು ಇದ್ದಾರೆ, ನಿದ್ದೆ ಹೇಗಿದೆ, ಚಿಕ್ಕವಳಿದ್ದಾಗ ಏನಾದರೂ ಕೆಟ್ಟದ್ದು ಆಗಿತ್ತಾ, ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ. ಎಲ್ಲಾ ಬರೆಯಬೇಕಾ? ಇದನ್ನು ಯಾರು ಓದುತ್ತಾರೆ? ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದಾರೆ. ಈ ವಿಷಯ ಹೊರಗೆ ಬಂದರೆ ಅನ್ನುವ ಭಯ ಇದೆ, ಸುಳ್ಳು ಹೇಳುವುದಿಲ್ಲ. ಮತ್ತೆ ಅಲ್ಲಿ ಇಂಗ್ಲಿಷ್‌ನಲ್ಲೇ ಮಾತಾಡಬೇಕಾ? ಮಾತ್ರೆ ಕೊಡುತ್ತಾರಾ? ಮೊದಲ ದಿನ ಏನು ಮಾಡುತ್ತಾರೆ?

ಮಾಳಮಡ್ಡಿ_ಮನೆ

ಅಕ್ಕಾರೆ, ನಾನು ಧಾರವಾಡದಲ್ಲಿ ಹೋಗುತ್ತೇನೆ. ಫಾರ್ಮ್‌ನ ಎಲ್ಲ ಪ್ರಶ್ನೆಗೂ ಉತ್ತರ ತುಂಬಬೇಕು ಅಂತೇನಿಲ್ಲ. ಹೆಸರು, ವಯಸ್ಸು, ಈಗ ತಗೊಳ್ಳುತ್ತಿರುವ ಮಾತ್ರೆ, ಹಿಂದೆ ಆದ ದೊಡ್ಡ ಕಾಯಿಲೆ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಇಷ್ಟು ಸರಿಯಾಗಿ ಬರೆಯಿರಿ. ತುರ್ತಿನ ನಂಬರ್ ಅವ್ವಂದೇ ಆಗಬೇಕು ಅಂತಿಲ್ಲ. ನೀವು ನಂಬುವ ಗೆಳತಿ, ಅಕ್ಕ, ಯಾರದಾದರೂ ಸರಿ. ಚಿಕ್ಕಂದಿನ ಪ್ರಶ್ನೆಯ ಮುಂದೆ ನಾನು "ಎದುರಿಗೆ ಹೇಳುತ್ತೇನೆ" ಅಂತಷ್ಟೇ ಬರೆದಿದ್ದೆ. ಅದನ್ನು ಅವರು ಹಾಗೇ ಬಿಟ್ಟರು. ತಿಂಗಳುಗಳಾದ ಮೇಲೆ ನಾನಾಗಿ ಎತ್ತಿದಾಗಲೇ ಆ ಮಾತು ಬಂತು.

ಮೊದಲ ದಿನ ಜಾಸ್ತಿ ಹೊತ್ತು ಪ್ರಶ್ನೆಗಳಲ್ಲೇ ಹೋಗುತ್ತದೆ. ಯಾವಾಗಿನಿಂದ ಹೀಗಿದೆ, ಯಾವ ಹೊತ್ತಿನಲ್ಲಿ ಜಾಸ್ತಿ, ಊಟ ಸೇರುತ್ತದಾ, ಬೆಳಿಗ್ಗೆ ಎಷ್ಟಕ್ಕೆ ಎಚ್ಚರ ಆಗುತ್ತದೆ, ಮನೆಯಲ್ಲಿ ಯಾರ ಹತ್ತಿರ ಮಾತು ಜಾಸ್ತಿ. ನಮ್ಮ ಮೇಡಂ ಒಂದು ಹಾಳೆಯ ಮೇಲೆ ನಮ್ಮ ಮನೆತನವನ್ನೇ ಬರೆದುಕೊಂಡರು. ಅಜ್ಜ, ಅಜ್ಜಿ, ಕಾಕಾ, ಅತ್ತಿ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ. ಒಂದು ಸೆಷನ್ ಅಂದರೆ 45 ನಿಮಿಷದಿಂದ ಒಂದು ಗಂಟೆ. ಹೊರಗೆ ಬಂದಾಗ ಹಗುರ ಆಗಿರಲಿಲ್ಲ, ದಣಿವಾಗಿತ್ತು. ಅವತ್ತು ರಾತ್ರಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಭಾಷೆ ಬಗ್ಗೆ ಚಿಂತೆ ಬೇಡ. ಫೋನ್‌ನಲ್ಲೇ ಕೇಳಿಕೊಳ್ಳಿ, ಕನ್ನಡದಲ್ಲಿ ಮಾತಾಡುವವರು ಇದ್ದಾರಾ ಅಂತ. "ಜೀವಕ್ಕ ಸಮಾಧಾನ ಇಲ್ಲರೀ, ಹೊಟ್ಯಾಗ ಕಲಸಿದಂಗ ಆಗ್ತದ" ಅಂತ ನಾನು ಅಂದಾಗ ಮೇಡಂಗೆ ಅದು ಹಾಗೇ ಅರ್ಥ ಆಯಿತು. ಇದನ್ನು ಇಂಗ್ಲಿಷ್‌ನಲ್ಲಿ ಹೇಳಬೇಕಾಗಿದ್ದರೆ ಅರ್ಧ ನನ್ನೊಳಗೇ ಉಳಿಯುತ್ತಿತ್ತು.

ಸಾಧನಕೇರಿ_ಸಮಾಲೋಚಕಿ

ನಾನು ಇದೇ ಕೆಲಸ ಮಾಡುವವಳು. ನಿಮ್ಮ ಪ್ರಶ್ನೆಗಳಿಗೆ ಸ್ವಲ್ಪ ಉದ್ದಕ್ಕೇ ಉತ್ತರ ಬರೆಯುತ್ತೇನೆ. ಮೊದಲ ಸಲ ಬರುವವರು ಇವನ್ನು ಕೇಳಲು ಹಿಂಜರಿದು ಹಾಗೇ ಎದ್ದು ಹೋಗುವುದನ್ನು ಬಹಳ ನೋಡಿದ್ದೇನೆ.

ಮಾತ್ರೆ ಮೊದಲು. ಮಾತ್ರೆ ಬರೆಯುವುದು ಮನೋವೈದ್ಯರು. ಅವರು ಎಂಬಿಬಿಎಸ್ ಮುಗಿಸಿ, ಮನೋವೈದ್ಯಶಾಸ್ತ್ರದಲ್ಲಿ ಮೇಲಿನ ಓದು ಮಾಡಿದವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಸೈಕಾಲಜಿ ಓದಿ, ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆದವರು. ಎಲ್ಲರೂ ಇದನ್ನು ಆರ್‌ಸಿಐ ಅನ್ನುತ್ತಾರೆ. ನಮ್ಮಂಥ ಸಮಾಲೋಚಕರು ಸಾಮಾನ್ಯವಾಗಿ ಸೈಕಾಲಜಿ ಇಲ್ಲವೇ ಸಮಾಜಕಾರ್ಯದಲ್ಲಿ ಎಂಎ, ಎಂಎಸ್ಸಿ, ಎಂಎಸ್‌ಡಬ್ಲ್ಯೂ ಮಾಡಿದವರು. ನಾವು ಮಾತ್ರೆ ಬರೆಯುವುದಿಲ್ಲ, ಬರೆಯಬಾರದು. ಬೇಕು ಅನಿಸಿದರೆ ಮನೋವೈದ್ಯರ ಹತ್ತಿರ ಕಳಿಸುತ್ತೇವೆ. ಎರಡೂ ಜೊತೆಗೆ ನಡೆಯಬಹುದು.

ಕೆಲವು ವಾರದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಬೋರ್ಡ್ ಹಾಕಿಕೊಂಡವರೂ ಊರಿನಲ್ಲಿ ಇದ್ದಾರೆ. ಅದಕ್ಕೆ ಕೇಳಿ: "ನೀವು ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿದ್ದೀರಿ, ನನ್ನಂಥ ತೊಂದರೆ ಇದ್ದವರ ಜೊತೆ ಕೆಲಸ ಮಾಡಿದ್ದೀರಾ?" ಇದು ಉದ್ಧಟತನ ಅಲ್ಲ. ಸರಿಯಾಗಿ ಕಲಿತವರು ಸಮಾಧಾನದಿಂದ ಉತ್ತರ ಕೊಡುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಆರ್‌ಸಿಐ ನಂಬರ್ ಕೇಳಬಹುದು. ಅದನ್ನು ಪರಿಷತ್ತಿನ ವೆಬ್‌ಸೈಟ್‌ನಲ್ಲಿ ಹುಡುಕಿ ನೋಡಬಹುದು.

ಇನ್ನು ಗುಟ್ಟಿನ ವಿಷಯ. ಮೊದಲ ದಿನ ನಿಮಗೆ ಒಪ್ಪಿಗೆ ಪತ್ರ ಕೊಡುತ್ತಾರೆ. ಸುಮ್ನೆ ಸಹಿ ಹಾಕಬೇಡಿ, ಓದಿ. ಇಂಗ್ಲಿಷ್‌ನಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ನೀವು ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದೂ, ಯಾವ ಸಂದರ್ಭದಲ್ಲಿ ಮಾತ್ರ ಹೋಗಬಹುದು ಎಂದೂ ಅದರಲ್ಲಿ ಇರಬೇಕು. ಆ ಸಂದರ್ಭಗಳು ಕಡಿಮೆ. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನಿಸಿದಾಗ. ಕೋರ್ಟ್ ಆದೇಶ ಬಂದಾಗ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದಾಗ, ಯಾಕೆಂದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮಿನಲ್ಲಿ ಗೋಪ್ಯತೆ ರೋಗಿಯ ಹಕ್ಕು ಅಂತಲೇ ಇದೆ. ಅವ್ವ ಫೋನ್ ಮಾಡಿ ಕೇಳಿದರೂ, ಗಂಡಿನ ಕಡೆಯವರು ಬಂದು ಕೇಳಿದರೂ, "ನಿಮ್ಮ ಹುಡುಗಿ ಇಲ್ಲಿಗೆ ಬರುತ್ತಾಳೆ" ಎಂದು ಕೂಡ ನಾವು ಹೇಳುವಂತಿಲ್ಲ.

ಆದರೆ ನಮ್ಮದು ಸಣ್ಣ ಊರು. ಕಾಯುವ ಹಾಲ್‌ನಲ್ಲಿ ಗುರುತಿನವರು ಸಿಗಬಹುದು. ಈ ಭಯ ಇದ್ದರೆ ಮೊದಲೇ ಹೇಳಿ. ಎರಡು ಅಪಾಯಿಂಟ್‌ಮೆಂಟ್ ನಡುವೆ ಬಿಡುವು ಇರುವ ಹೊತ್ತು ಕೊಡಬಹುದು. ನಿಮಗೆ ಸಿಗುವ ಸಮಾಲೋಚಕರೇ ನಿಮ್ಮ ನೆಂಟರಿಗೆ ಪರಿಚಯ ಇದ್ದರೆ, ಅದನ್ನೂ ಹೇಳಿಬಿಡಿ. ಬೇರೆಯವರ ಹತ್ತಿರ ಕಳಿಸುವುದು ನಮ್ಮ ಕರ್ತವ್ಯ.

ಗೋಕುಲರೋಡ್

ಮೇಡಂ ಹೇಳಿದ್ದು ಎಲ್ಲಾ ಕಡೆ ಹಾಗೇ ನಡೆಯುತ್ತದೆ ಅಂತ ನಂಬಬೇಡಿ. ನಾನು ಎರಡು ವರ್ಷದ ಹಿಂದೆ ಒಬ್ಬರ ಹತ್ತಿರ ಹೋಗಿದ್ದೆ. ಹೆಸರು ಹೇಳುವುದಿಲ್ಲ. ಕೆಲಸ ಬಿಡುವ ಯೋಚನೆ ಇದೆ ಅಂತ ಹೇಳಿಕೊಂಡಿದ್ದೆ. ಅವರಿಗೆ ನಮ್ಮಪ್ಪನ ಪರಿಚಯ ಇತ್ತು. ಆ ವಾರವೇ ಅಪ್ಪನ ಬಾಯಲ್ಲಿ ಆ ಮಾತು ಬಂತು. "ನಿನ್ನ ಒಳ್ಳೇದಕ್ಕೇ ಹೇಳಿದ್ದಾರೆ" ಅಂದರು ಅಪ್ಪ. ನನಗಾಗ 26 ವರ್ಷ. ಆ ಸಿಟ್ಟು ಇನ್ನೂ ಇಳಿದಿಲ್ಲ. ಆಮೇಲೆ ಬಹಳ ದಿನ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಈಗ ಬೇರೆಯವರ ಹತ್ತಿರ ಹೋಗುತ್ತಿದ್ದೇನೆ. ಮೊದಲ ಭೇಟಿಯಲ್ಲೇ ಇದನ್ನು ಹೇಳಿದೆ. ಅವರು ತಮ್ಮ ನೋಟ್ಸ್ ಎಲ್ಲಿ ಇಡುತ್ತಾರೆ, ಅದರಲ್ಲಿ ಏನೇನು ಬರೆಯುತ್ತಾರೆ, ರಿಸೆಪ್ಷನ್‌ನವರಿಗೆ ಎಷ್ಟು ಕಾಣುತ್ತದೆ ಅಂತ ತೋರಿಸಿಯೇ ಹೇಳಿದರು. ಆಮೇಲೇ ನನಗೆ ಮಾತು ಬಂತು.

ಸಾಧನಕೇರಿ_ಸಮಾಲೋಚಕಿ

ತಮ್ಮಾ, ನಿಮಗೆ ಆಗಿದ್ದು ಅನ್ಯಾಯ. ಅಪ್ಪನ ಮೇಲಿನ ಗೌರವ ಬೇರೆ, 26 ವರ್ಷದವರ ಗುಟ್ಟು ಬೇರೆ. ಒಳ್ಳೆಯದಕ್ಕೆ ಹೇಳಿದೆ ಅನ್ನುವುದು ಇಲ್ಲಿ ಸಮರ್ಥನೆ ಆಗುವುದಿಲ್ಲ. ನೋಟ್ಸ್ ಬಗ್ಗೆ ನೀವು ಕೇಳಿದ ಪ್ರಶ್ನೆಯನ್ನು ಎಲ್ಲರೂ ಕೇಳಬೇಕು.

ಸಪ್ತಾಪುರ_ರೂಮ್

ಇವೆಲ್ಲ ದುಡ್ಡಿದ್ದವರಿಗೆ ಅಲ್ವಾ? ನಾನು ಗದಗ ಜಿಲ್ಲೆಯವನು. ಇಲ್ಲಿ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ, ಕೆಎಎಸ್ ಅಂತ ಓದುತ್ತಿದ್ದೇನೆ. ನೋಟಿಫಿಕೇಷನ್ ಬರುತ್ತದೆ, ಮುಂದಕ್ಕೆ ಹೋಗುತ್ತದೆ, ಕೋರ್ಟ್‌ಗೆ ಹೋಗುತ್ತದೆ. ಮನೆಯಿಂದ ಬರುವ ದುಡ್ಡು ರೂಮ್ ಬಾಡಿಗೆ, ಮೆಸ್ಸು, ಲೈಬ್ರರಿಗೇ ಸಾಲದು. ವಿಚಾರಿಸಿದೆ, ಒಂದು ಸೆಷನ್‌ಗೆ 800 ರೂಪಾಯಿ ಅಂದರು. ವಾರಕ್ಕೊಮ್ಮೆ ಅಂದರೆ ತಿಂಗಳ ಮೆಸ್ ಬಿಲ್ಲೇ ಹೋಯಿತು.

ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗು ಅಂತ ಗೆಳೆಯ ಹೇಳುತ್ತಾನೆ. ಆದರೆ ಚಿಕ್ಕಂದಿನಿಂದ "ಇವನನ್ನ ಧಾರವಾಡಕ್ಕ ಹಾಕಬೇಕು" ಅನ್ನುವ ಬೈಗುಳ ಕೇಳಿಕೊಂಡೇ ಬೆಳೆದವನು ನಾನು. ಮತ್ತೆ ಅಲ್ಲಿ ಹೆಸರು ಬರೆಸಿದರೆ ಮುಂದೆ ನೌಕರಿಗೆ ಅಡ್ಡ ಬರುತ್ತದಾ?

ಮಾಳಮಡ್ಡಿ_ಮನೆ

ಬರುತ್ತದೆ ಅನ್ನುವ ಭಯಕ್ಕೇ ನಮ್ಮ ಊರಿನ ಎಷ್ಟೋ ಹುಡುಗರು ಒಳಗೊಳಗೇ ಕುಗ್ಗಿದ್ದಾರೆ. ಕೌನ್ಸೆಲಿಂಗ್‌ಗೆ ಬಂದವರ ಪಟ್ಟಿಯನ್ನು ಯಾವ ಆಸ್ಪತ್ರೆಯೂ ನೇಮಕಾತಿ ಮಾಡುವವರಿಗೆ ಕಳಿಸುವುದಿಲ್ಲ. ಅದೇ ಗೋಪ್ಯತೆಯ ಕಾನೂನು ಸರ್ಕಾರಿ ಆಸ್ಪತ್ರೆಗೂ ಇದೆ.

ಡಿಮ್ಹಾನ್ಸ್ ಇರುವುದು ಬೆಳಗಾವಿ ರಸ್ತೆಯಲ್ಲಿ. 1845ರಲ್ಲಿ ಹುಚ್ಚಾಸ್ಪತ್ರೆ ಎಂದು ಶುರುವಾಗಿದ್ದು ಹೌದು. ಆ ಬೈಗುಳ ಆ ಕಾಲದ್ದು. ಇವತ್ತು ಅಲ್ಲಿ ಮನೋವೈದ್ಯರೂ ಇದ್ದಾರೆ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳೂ ಇದ್ದಾರೆ. ನಿದ್ದೆ ಬಾರದವರು, ಪರೀಕ್ಷೆಯ ಹೆದರಿಕೆಯವರು, ಕುಡಿತ ಬಿಡಬೇಕು ಅನ್ನುವವರು, ತಲೆನೋವಿನವರು, ಎಲ್ಲರೂ ಅದೇ ಸಾಲಿನಲ್ಲಿ ಕೂತಿರುತ್ತಾರೆ. ಬೆಳಿಗ್ಗೆ ಬೇಗ ಹೋಗಿ ಒಪಿಡಿ ಚೀಟಿ ಮಾಡಿಸಬೇಕು. ಖಾಸಗಿಗೆ ಹೋಲಿಸಿದರೆ ಖರ್ಚು ಬಹಳ ಕಡಿಮೆ. ಕಾಯಬೇಕಾಗುತ್ತದೆ, ಅರ್ಧ ದಿನ ಬಿಟ್ಟುಕೊಂಡು ಹೋಗಿ. ಪುಸ್ತಕ ಒಯ್ಯಿರಿ.

ಹಾವೇರಿ_ಸ್ಟಾಫ್‌ನರ್ಸ್

ಅದರ ಜೊತೆಗೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್ ಹತ್ತದಿದ್ದರೆ 1800 891 4416.

ಹುಬ್ಬಳ್ಳಿಯವರಿಗೆ ಕಿಮ್ಸ್ ಆಸ್ಪತ್ರೆಯಲ್ಲಿ (ಈಗ ಅದರ ಹೆಸರು ಕೆಎಂಸಿಆರ್‌ಐ) ಮನೋವೈದ್ಯ ವಿಭಾಗ ಇದೆ. ನಮ್ಮ ಹಾವೇರಿ ಕಡೆಯವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಅಂತ ಇರುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ಹೋಗುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ, ಈ ವಾರ ಬರುತ್ತಾರಾ ಅಂತ ಕೇಳಿಕೊಂಡು ಹೋಗಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ನೆನಪಿಡಿ. ಮನೋವೈದ್ಯರು ಡಿಪ್ರೆಶನ್‌ಗೋ ಆತಂಕಕ್ಕೋ ಮಾತ್ರೆ ಕೊಟ್ಟರೆ ಅದು ಮರುದಿನವೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಒಮ್ಮೊಮ್ಮೆ ಇನ್ನೂ ಜಾಸ್ತಿ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು ಬರಬಹುದು. "ಇದರಿಂದ ಏನೂ ಆಗಲಿಲ್ಲ" ಅಂತ ಎಂಟು ದಿನಕ್ಕೇ ಬಿಡುವವರು ಬಹಳ. ಆರಾಮ ಆಯಿತು ಅಂತ ಮೂರನೇ ತಿಂಗಳಿಗೆ ತಾವೇ ನಿಲ್ಲಿಸುವವರೂ ಬಹಳ. ಇವರು ಎರಡನೇ ಸಲ ಬರುವಾಗ ಮೊದಲಿಗಿಂತ ಸೋತು ಬಂದಿರುತ್ತಾರೆ. ನೋಡಿ ನೋಡಿ ಹೇಳುತ್ತಿದ್ದೇನೆ. ನಿಲ್ಲಿಸಬೇಕಾದರೆ ಡಾಕ್ಟರು ಡೋಸ್ ಇಳಿಸುತ್ತಾ ನಿಲ್ಲಿಸುತ್ತಾರೆ.

ರಾಣೆಬೆನ್ನೂರು_ಬೀಜ

ನನ್ನದು ಬೇರೆ ಥರದ ಪ್ರಶ್ನೆ. ನಮ್ಮಣ್ಣ ಕಳೆದ ವರ್ಷದಿಂದ ಮಾತೇ ಕಡಿಮೆ ಮಾಡಿದ್ದಾನೆ. ಹೊಲಕ್ಕೆ ಹೋಗುತ್ತಾನೆ, ಬರುತ್ತಾನೆ, ಗೋಡೆ ಕಡೆ ತಿರುಗಿ ಮಲಗುತ್ತಾನೆ. ಮೊದಲು ಸಂತೆಗೆ ಹೋದರೆ ಊರವರನ್ನೆಲ್ಲ ಮಾತಾಡಿಸಿ ಬರುವ ಮನುಷ್ಯ. ನಾವು ಮನೆಯವರೇ ಕೂರಿಸಿಕೊಂಡು ಮಾತಾಡಿಸಿದರೆ ಸಾಲದಾ? ಗುರುತು ಇಲ್ಲದವರ ಮುಂದೆ ಮಾತಾಡಿದರೆ ಏನು ಆಗುತ್ತದೆ? ತಿಳಿದುಕೊಳ್ಳಬೇಕು ಅಂತಲೇ ಕೇಳುತ್ತಿದ್ದೇನೆ.

ಬೆಟಗೇರಿ_ಅಮ್ಮ

ಅಪ್ಪಾ, ನಾನು ನೇಕಾರರ ಮನೆಯವಳು. ನನ್ನ ಮಗನಿಗೂ ಹೀಗೇ ಆಗಿತ್ತು. ನಾವು ಮಾತಾಡಿಸಿದೆವು. ಅವನ ಅಪ್ಪ, ನಾನು, ಅವನ ಮಾಮಾ, ಮಠದ ಅಜ್ಜಾರು. ಎಲ್ಲರೂ ಪ್ರೀತಿಯಿಂದಲೇ ಹೇಳಿದೆವು. ಧೈರ್ಯ ತಗೋ, ದೇವರಿದ್ದಾನೆ, ನಿನಗೇನು ಕಡಿಮೆ ಆಗಿದೆ ಅಂತ. ಹುಡುಗ ಹೂಂ ಅನ್ನುತ್ತಿದ್ದ, ಮತ್ತೆ ಹಾಗೇ ಇರುತ್ತಿದ್ದ. ಆಮೇಲೆ ಅವನೇ ಹೇಳಿದ. "ಅವ್ವಾ, ನಿನ್ನ ಮುಂದ ಹೇಳಿದ್ರ ನೀ ಅಳ್ತೀ. ಅಪ್ಪನ ಮುಂದ ಹೇಳಿದ್ರ ಅಪ್ಪ ಸಾಲದ ಲೆಕ್ಕ ತಗೀತಾನ. ಅಲ್ಲಿ ಹೇಳಿದ್ರ ಅವರು ಬರೇ ಕೇಳ್ತಾರ." ಮನೆಯವರ ಮುಂದೆ ಮಾತಾಡುವಾಗ ಅವರು ನಮ್ಮನ್ನೂ ಸಂಭಾಳಿಸಬೇಕಾಗುತ್ತದೆ. ಅದು ನಮಗೆ ಗೊತ್ತಾಗುವುದಿಲ್ಲ.

ಮೊದಲ ಸಲ ಹೋಗಿ ಬಂದಾಗ ಅವನ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಅವನ ಅಪ್ಪ ದುಡ್ಡು ಹೋಯಿತು ಅಂದರು. ನಾನು ಅಂದೆ, ಮಗ್ಗಕ್ಕೆ ಹಾಸು ಹಾಕಿದ ದಿನವೇ ಸೀರೆ ಕೈಗೆ ಬರುವುದಿಲ್ಲ, ತಾಳ್ರಿ ಸ್ವಲ್ಪ. ನಿಮ್ಮಣ್ಣನನ್ನು ಕರೆದುಕೊಂಡು ಹೋಗಿ. ನೀವು ಹೊರಗೆ ಕೂತುಕೊಳ್ಳಿ. ಬಂದ ಮೇಲೆ "ಏನು ಕೇಳಿದರು" ಅಂತ ಕೇಳಬೇಡಿ. "ಊಟ ಮಾಡೋಣ ನಡಿ" ಅನ್ನಿ. ಸಾಕು.

ಸಾಧನಕೇರಿ_ಸಮಾಲೋಚಕಿ

ಅಮ್ಮ ಹೇಳಿದ್ದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಬೀಜದ ಅಣ್ಣಾರೆ, ನೀವು ಬರೆದದ್ದರಲ್ಲಿ ನನಗೆ ಕಂಡಿದ್ದು ಇದು: ಮಾತು ಬಿಟ್ಟಿದ್ದು, ಸಂತೆ ಬಿಟ್ಟಿದ್ದು, ಒಂದು ವರ್ಷ ಕಳೆದಿದ್ದು. ಇದಕ್ಕೆ ಮೊದಲು ಮನೋವೈದ್ಯರನ್ನೇ ನೋಡಿಸಿ. ಥೈರಾಯ್ಡ್ ಕಡಿಮೆ ಇದ್ದರೂ, ಬಿ12 ಕಡಿಮೆ ಇದ್ದರೂ ಮನುಷ್ಯ ಹೀಗೆ ಮಂಕಾಗಬಹುದು. ರಕ್ತ ಪರೀಕ್ಷೆ ಆಗಲಿ. ಕೌನ್ಸೆಲಿಂಗ್ ಆಮೇಲೆ, ಇಲ್ಲ ಜೊತೆಗೆ. ಮನೆಯಲ್ಲಿ ಕೀಟನಾಶಕದ ಡಬ್ಬಿ ಕೈಗೆ ಸಿಗುವ ಹಾಗೆ ಇದ್ದರೆ ಇವತ್ತೇ ಬೇರೆ ಕಡೆ ಇಟ್ಟು ಬೀಗ ಹಾಕಿ. ಇಲ್ಲವೇ ನೆರೆಯವರ ಗೋದಾಮಿಗೆ ಕಳಿಸಿ. ಹೆದರಿಸಲು ಹೇಳುತ್ತಿಲ್ಲ. ಹೊಲ ಇರುವ ಮನೆಗಳಿಗೆಲ್ಲ ಇದನ್ನು ಹೇಳುತ್ತೇನೆ. ಅಣ್ಣನಿಗೆ ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಸಪ್ತಾಪುರ_ರೂಮ್

ಮೇಡಂ, ನೀವು ಬರೆದ ಕೊನೆಯ ಸಾಲು ಓದಿ ಬರೆಯುತ್ತಿದ್ದೇನೆ. ನನಗೂ ಕೆಲವು ರಾತ್ರಿ ಬರುತ್ತದೆ. ಇಲ್ಲದೇ ಹೋದರೆ ಮನೆಯವರಿಗೆ ಖರ್ಚಾದರೂ ಉಳಿಯುತ್ತದೆ ಅಂತ. ರೂಮ್‌ಮೇಟ್ ಊರಿಗೆ ಹೋಗಿದ್ದಾನೆ.

ಸಾಧನಕೇರಿ_ಸಮಾಲೋಚಕಿ

ಬರೆದದ್ದು ಬಹಳ ಒಳ್ಳೆಯದಾಯಿತು ತಮ್ಮಾ. ಈಗಲೇ 14416ಗೆ ಫೋನ್ ಮಾಡಿ. ಇಲ್ಲಿ ಬರೆದದ್ದನ್ನೇ ಅವರಿಗೆ ಓದಿ ಹೇಳಿದರೂ ಸಾಕು, ಹೊಸ ಮಾತು ಹುಡುಕಬೇಡಿ. ಇವತ್ತು ರಾತ್ರಿ ಒಬ್ಬರೇ ಇರಬೇಡಿ. ಪಕ್ಕದ ರೂಮಿನ ಹುಡುಗನನ್ನು ಎಬ್ಬಿಸಿ, ಅವನ ಹತ್ತಿರ ಮಲಗಿ. ಯೋಚನೆ ಜೋರಾದರೆ, ಏನಾದರೂ ಮಾಡಿಕೊಳ್ಳಬೇಕು ಅನಿಸಿದರೆ, ಬೆಳಗಾಗಲಿ ಅಂತ ಕಾಯಬೇಡಿ. 112ಕ್ಕೆ ಫೋನ್ ಮಾಡಿ, ಇಲ್ಲವೇ ಯಾರನ್ನಾದರೂ ಕರೆದುಕೊಂಡು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಇದನ್ನು ಹೇಳಿಕೊಂಡರೆ ಪೊಲೀಸ್ ಕೇಸ್ ಆಗುತ್ತದೆ ಅನ್ನುವ ಹೆದರಿಕೆ ಬೇಡ. ನಿಮ್ಮನ್ನು ನಿಮ್ಮ ಮನೆಯವರು ಖರ್ಚಿನ ಲೆಕ್ಕದಲ್ಲಿ ನೋಡುತ್ತಿಲ್ಲ. ದಣಿದ ಮನಸ್ಸು ಹಾಗೆ ಹೇಳುತ್ತದೆ.

ಮಾಳಮಡ್ಡಿ_ಮನೆ

ನಾನು ಇಲ್ಲೇ ಇದ್ದೇನೆ, ದೂರ ಇಲ್ಲ. ಖಾಸಗಿ ಸಂದೇಶ ಕಳಿಸಿದ್ದೇನೆ, ನೋಡಿ. ಬೆಳಿಗ್ಗೆ ಡಿಮ್ಹಾನ್ಸ್‌ಗೆ ಜೊತೆಗೆ ಬರುತ್ತೇನೆ.

ಸಪ್ತಾಪುರ_ರೂಮ್

ಫೋನ್ ಮಾಡಿದೆ. ಬಹಳ ಹೊತ್ತು ಮಾತಾಡಿದರು. ಪಕ್ಕದ ರೂಮಿನಲ್ಲಿ ಇದ್ದೇನೆ.

ಮರುದಿನದ ಸೇರಿಕೆ: ಮಾಳಮಡ್ಡಿಯ ಅಣ್ಣಾರು ಬಂದಿದ್ದರು. ಚೀಟಿ ಮಾಡಿಸಿ ತೋರಿಸಿದೆವು. ಮಾತ್ರೆ ಕೊಟ್ಟಿದ್ದಾರೆ, ಮತ್ತೆ ಸೈಕಾಲಜಿಸ್ಟ್ ಹತ್ತಿರ ದಿನಾಂಕ ಕೊಟ್ಟಿದ್ದಾರೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಇವತ್ತೇ ಬಸ್ ಹತ್ತುತ್ತೇನೆ ಅಂದರು.

ಹಾವೇರಿ_ಸ್ಟಾಫ್‌ನರ್ಸ್

ಮಾತ್ರೆಗಳನ್ನು ಒಂದೇ ಕಡೆ ರೂಮ್‌ನಲ್ಲಿ ಇಟ್ಟುಕೊಳ್ಳಬೇಡಿ ತಮ್ಮಾ. ಸ್ವಲ್ಪ ದಿನ ಅಪ್ಪನ ಕೈಯಲ್ಲೋ ಗೆಳೆಯನ ಕೈಯಲ್ಲೋ ಇರಲಿ. ಅವತ್ತಿನದು ಅವತ್ತು ತಗೊಳ್ಳಿ.

ಗೋಕುಲರೋಡ್

ಇನ್ಶೂರೆನ್ಸ್ ಬಗ್ಗೆ ಯಾರಾದರೂ ಹೇಳಿ. ಕೌನ್ಸೆಲಿಂಗ್ ಬಿಲ್ ಬರುತ್ತದಾ?

ಸಾಧನಕೇರಿ_ಸಮಾಲೋಚಕಿ

2017ರ ಕಾಯ್ದೆಯ 21ನೇ ಕಲಮಿನಲ್ಲಿ, ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ ಇದೆ. ಆದರೆ ಹೆಚ್ಚಿನ ಪಾಲಿಸಿಗಳು ಅಡ್ಮಿಟ್ ಆದಾಗಿನ ಖರ್ಚನ್ನಷ್ಟೇ ಕೊಡುತ್ತವೆ. ವಾರವಾರದ ಸೆಷನ್‌ಗೆ ಒಪಿಡಿ ಸೌಲಭ್ಯ ಇರುವ ಪಾಲಿಸಿ ಬೇಕು. ನಿಮ್ಮ ಪಾಲಿಸಿ ಕಾಗದ ತೆಗೆದು ನೋಡಿ.

ಉಣಕಲ್_ಕೆರೆ

ಹೋಗಿ ಬಂದೆ. ನೀವು ಬರೆದದ್ದನ್ನೆಲ್ಲ ಓದಿಕೊಂಡು ಹೋಗಿದ್ದೆ, ಅದಕ್ಕೇ ಬಾಗಿಲಿನವರೆಗೂ ಕಾಲು ಬಂತು. ಸಪ್ತಾಪುರದ ತಮ್ಮನ ಸುದ್ದಿ ಓದಿ ಸಮಾಧಾನ ಆಯಿತು.

ಫಾರ್ಮ್ ಅರ್ಧ ಖಾಲಿ ಬಿಟ್ಟಿದ್ದೆ. ಅವರು ಏನೂ ಅನ್ನಲಿಲ್ಲ. ಓದಿನ ಬಗ್ಗೆ ಕೇಳಿದೆ, ಹೇಳಿದರು. ಗೋಪ್ಯತೆಯ ಪತ್ರ ಇಂಗ್ಲಿಷ್‌ನಲ್ಲಿತ್ತು, ಕನ್ನಡದಲ್ಲಿ ಹೇಳಿಸಿಕೊಂಡೆ. 24 ಗಂಟೆ ಮುಂಚೆ ತಿಳಿಸದೆ ತಪ್ಪಿಸಿದರೆ ಫೀಸು ಕೊಡಬೇಕು ಅಂತ ಅದರಲ್ಲಿತ್ತು. ಅದನ್ನೂ ಗಮನಿಸಿ.

ಎರಡು ಪ್ರಶ್ನೆಪತ್ರಿಕೆ ತುಂಬಿಸಿದರು. ಒಂದು ಪಿಎಚ್‌ಕ್ಯೂ-9, ಇನ್ನೊಂದು ಜಿಎಡಿ-7. ಕಳೆದ ಎರಡು ವಾರದಲ್ಲಿ ಎಷ್ಟು ಸಲ ಹೀಗೆ ಆಗಿದೆ ಅಂತ ಪ್ರತಿ ಪ್ರಶ್ನೆಗೂ 0ಯಿಂದ 3ರವರೆಗೆ ಅಂಕ. ಮೊದಲನೆಯದು ಬೇಸರ, ಕುಗ್ಗುವಿಕೆಯದು, ಒಟ್ಟು 27. ಎರಡನೆಯದು ಆತಂಕದ್ದು, ಒಟ್ಟು 21. ಇದು ಪಾಸು ಫೇಲಿನ ಲೆಕ್ಕ ಅಲ್ಲ, ಕೆಲವು ವಾರ ಆದ ಮೇಲೆ ಮತ್ತೆ ತುಂಬಿಸಿ ಏನು ಬದಲಾಗಿದೆ ಅಂತ ನೋಡುತ್ತೇವೆ ಅಂದರು. ನನಗೆ ಆತಂಕದ್ದೇ ಜಾಸ್ತಿ ಬಂದಿದೆ.

ನನಗೆ ಬಹಳ ಉಪಯೋಗ ಆಗಿದ್ದು ಎದೆ ಹೊಡೆದುಕೊಳ್ಳುವುದರ ಬಗ್ಗೆ ಅವರು ಬಿಡಿಸಿ ಹೇಳಿದ್ದು. ಅಪಾಯ ಬಂತು ಅಂತ ದೇಹ ಅಡ್ರಿನಲಿನ್ ಅನ್ನುವ ಹಾರ್ಮೋನು ಬಿಡುತ್ತದಂತೆ. ನಾವು ಹೆದರಿ ಜೋರು ಜೋರಾಗಿ ಉಸಿರಾಡುತ್ತೇವೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ ಆಗಿ ಕೈ ಜುಮುಜುಮು ಅನ್ನುತ್ತದೆ, ತಲೆ ತಿರುಗುತ್ತದೆ. ಅದನ್ನು ನೋಡಿ ಇನ್ನೂ ಹೆದರುತ್ತೇವೆ. ಸಾಮಾನ್ಯವಾಗಿ 10 ನಿಮಿಷದೊಳಗೆ ಅದು ತುತ್ತತುದಿಗೆ ಹೋಗಿ ತಾನೇ ಇಳಿಯುತ್ತದೆ. ನಾನು ಚಿಗರಿ ಬಸ್ ಬಿಟ್ಟು ಆಟೊ ಹಿಡಿಯಲು ಶುರು ಮಾಡಿದ್ದೆ. ಬಸ್ಸನ್ನು ತಪ್ಪಿಸಿದಷ್ಟೂ ಬಸ್ಸಿನ ಹೆದರಿಕೆ ಗಟ್ಟಿ ಆಗುತ್ತದೆ ಅಂದರು. ಮುಂದೆ ನಿಧಾನಕ್ಕೆ ಬಸ್ ಹತ್ತಿಸುತ್ತಾರಂತೆ. ಮೊದಲು ಒಂದೇ ಸ್ಟಾಪ್, ಜನ ಕಡಿಮೆ ಇರುವ ಹೊತ್ತು. ಈ ವಾರದ ಕೆಲಸ ಅಂದರೆ, ಯಾವಾಗ ಆಯಿತು, ಆಗ ತಲೆಯಲ್ಲಿ ಏನು ಓಡುತ್ತಿತ್ತು, ಎಷ್ಟು ಹೊತ್ತಿಗೆ ಇಳಿಯಿತು ಅಂತ ಬರೆದಿಡುವುದು. 12ರಿಂದ 16 ಭೇಟಿ ಬೇಕಾಗಬಹುದು ಅಂದರು.

ನಡುವೆ ಅತ್ತುಬಿಟ್ಟೆ. ಟಿಶ್ಯೂ ಡಬ್ಬಿ ಮುಂದೆ ಸರಿಸಿ ಸುಮ್ಮನೆ ಕೂತರು. ಅಳಬೇಡಿ ಅಂತ ಅನ್ನಲಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಅವ್ವನಿಗೆ ಗೊತ್ತಾಗಿದೆ, ಮುಂದಿನ ಸಲ ನಾನೂ ಒಳಗೆ ಬಂದು ಕೂರುತ್ತೇನೆ ಅನ್ನುತ್ತಾಳೆ. ಏನು ಹೇಳಲಿ? ಮತ್ತೆ, ಅವರು ಒಳ್ಳೆಯವರು, ಆದರೆ ಸ್ವಲ್ಪ ಬೇಗ ಬೇಗ ಮಾತಾಡುತ್ತಾರೆ. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ. ಬೇರೆಯವರನ್ನು ನೋಡಬೇಕಾ?

ಸಾಧನಕೇರಿ_ಸಮಾಲೋಚಕಿ

ಈಗಲೇ ಬೇರೆಯವರನ್ನು ಹುಡುಕಬೇಡಿ. ಮೊದಲು ಅವರಿಗೇ ಹೇಳಿ: "ಮೇಡಂ, ಸ್ವಲ್ಪ ನಿಧಾನಕ್ಕೆ ಹೋಗೋಣ, ನನಗೆ ಮಾತು ಜೋಡಿಸಲು ಹೊತ್ತು ಬೇಕು." ಮೊದಲ ಭೇಟಿಯಲ್ಲಿ ಕೇಳಬೇಕಾದ್ದು ಜಾಸ್ತಿ ಇರುತ್ತದೆ, ಅದರಿಂದಲೂ ಅವಸರ ಆಗಿರಬಹುದು. ಹೇಳಿದ ಮೇಲೆ ಅವರು ಹೇಗೆ ತಗೊಳ್ಳುತ್ತಾರೆ ನೋಡಿ. ತಿದ್ದಿಕೊಂಡರೆ ಅಲ್ಲೇ ಮುಂದುವರಿಯಿರಿ. ಬೇಸರ ಮಾಡಿಕೊಂಡರೆ, ಇಲ್ಲ ಮೂರು ನಾಲ್ಕು ಭೇಟಿ ಆದರೂ ಹಾಗೇ ಇದ್ದರೆ, ಬದಲಿಸಿ. ಬದಲಿಸುವುದಕ್ಕೆ ನೀವು ಯಾರಿಗೂ ಕಾರಣ ಕೊಡಬೇಕಾಗಿಲ್ಲ. ನಿಮಗೂ ಅವರಿಗೂ ಹೊಂದಿಕೆ ಆಗುವುದು ಈ ಕೆಲಸದಲ್ಲಿ ಯಾವ ಪದ್ಧತಿಗಿಂತಲೂ ಕಡಿಮೆ ಮುಖ್ಯ ಅಲ್ಲ.

ಅವ್ವ ಒಳಗೆ ಬರುವುದು ಬಿಡುವುದು ನಿಮ್ಮ ತೀರ್ಮಾನ. ಕರೆದುಕೊಂಡು ಹೋಗಿ, ಕಡೆಯ 10 ನಿಮಿಷ ಮಾತ್ರ ಒಳಗೆ ಕರೆಯಿರಿ ಅಂತ ನಿಮ್ಮ ಸಮಾಲೋಚಕರ ಜೊತೆ ಮೊದಲೇ ಮಾತಾಡಿಕೊಳ್ಳಬಹುದು. ಏನು ಹೇಳಬೇಕು, ಏನು ಹೇಳಬಾರದು ಅಂತಲೂ ತೀರ್ಮಾನ ಮಾಡಿಕೊಂಡಿರಿ.

ಬೆಟಗೇರಿ_ಅಮ್ಮ

ನಿಮ್ಮ ಅವ್ವನಿಗೆ ಹೊರಗೆ ಕೂರುವುದು ಕಷ್ಟ ಆಗುತ್ತದೆ ಮಗಳೇ, ನನಗೂ ಆಗಿತ್ತು. ಒಂದು ಕೆಲಸ ಕೊಡಿ ಅವರಿಗೆ. ಬಸ್ ಹತ್ತುವ ದಿನ ಜೊತೆಗೆ ಬರಲಿ. ಪಕ್ಕದಲ್ಲಿ ನಿಲ್ಲಲಿ, ಆದರೆ ಕೈ ಹಿಡಿಯಬೇಕಾ ಬೇಡವಾ ಅಂತ ನಿಮ್ಮ ಮೇಡಂನೇ ಕೇಳಿ.

ಉಣಕಲ್_ಕೆರೆ

ಕೇಳುತ್ತೇನೆ ಅಮ್ಮಾ. ಮುಂದಿನ ಭೇಟಿಯನ್ನು ಶನಿವಾರ ಬೆಳಿಗ್ಗೆಗೆ ಬದಲಿಸಿಕೊಂಡೆ, ಬ್ಯಾಂಕಿಗೆ ರಜೆ ಇರುವ ಎರಡನೇ ಶನಿವಾರ. ಅವ್ವನಿಗೆ ಕಡೆಯ 10 ನಿಮಿಷ ಅಂತ ಹೇಳಿದ್ದೇನೆ, ಒಪ್ಪಿದ್ದಾಳೆ. ನಿಧಾನಕ್ಕೆ ಹೋಗೋಣ ಅನ್ನುವ ಮಾತನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ, ಅಲ್ಲಿ ಹೋದ ಮೇಲೆ ಬಾಯಿಂದ ಬರದಿದ್ದರೆ ತೋರಿಸಿಬಿಡುತ್ತೇನೆ. ರಾಣೆಬೆನ್ನೂರಿನ ಅಣ್ಣಾರೆ, ನಿಮ್ಮಣ್ಣಂದು ಏನಾಯಿತು?

ರಾಣೆಬೆನ್ನೂರು_ಬೀಜ

ನೇರವಾಗಿ ಕೇಳಿದೆ ತಂಗಿ. ಬಹಳ ಹೊತ್ತು ಸುಮ್ಮನಿದ್ದು, "ಹಂಗ ಏನಿಲ್ಲ, ಆದ್ರ ಯಾವುದರಾಗೂ ರುಚಿ ಇಲ್ಲ" ಅಂದ. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಗಳನ್ನು ವೈನಿಯ ತವರಿನ ಗೋದಾಮಿಗೆ ಸಾಗಿಸಿದೆವು. ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿದೆ, ಈ ಮಂಗಳವಾರ ಮನೋವೈದ್ಯರು ಬರುತ್ತಾರಂತೆ. ನಿದ್ದೆಯ ಬಗ್ಗೆ ತೋರಿಸೋಣ ಅಂದಿದ್ದಕ್ಕೆ ಬರುತ್ತೇನೆ ಅಂದಿದ್ದಾನೆ. ಹಳೆಯ ರಿಪೋರ್ಟ್ ಏನಾದರೂ ಒಯ್ಯಬೇಕಾ?

ಹಾವೇರಿ_ಸ್ಟಾಫ್‌ನರ್ಸ್

ಆಧಾರ್ ಕಾರ್ಡ್, ಈಗ ತಗೊಳ್ಳುತ್ತಿರುವ ಬಿಪಿ, ಶುಗರ್ ಮಾತ್ರೆಗಳ ಚೀಟಿ, ಇದ್ದರೆ ಹಳೆಯ ರಕ್ತದ ರಿಪೋರ್ಟ್. ನಿದ್ದೆ ಯಾವಾಗಿನಿಂದ ಕೆಟ್ಟಿದೆ, ತೂಕ ಇಳಿದಿದೆಯಾ, ಕುಡಿಯುವ ಅಭ್ಯಾಸ ಇದೆಯಾ ಅಂತ ಕೇಳುತ್ತಾರೆ. ಅಣ್ಣನೇ ಹೇಳಲಿ, ಅವರು ಬಿಟ್ಟದ್ದನ್ನು ಮಾತ್ರ ನೀವು ಹೇಳಿ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಮಂಗಳವಾರ ಜನ ಜಾಸ್ತಿ ಇರುತ್ತಾರೆ.